ಕಾರಿನಲ್ಲಿ ಮಗುವಿನ ಸುರಕ್ಷತೆ: ತಂದೆ-ತಾಯಂದಿರು ತಿಳಿದಿರಬೇಕಾದ ವಿಷಯಗಳು

ಹೆರಿಗೆಯಾಗಿ ಬಾಣಂತಿಯನ್ನೂ ಮಗುವನ್ನೂ ಮನೆಗೆ ಕರೆದೊಯ್ಯುವ ದಿನ ಮನೆಮಂದಿಗೆಲ್ಲ ಸಂಭ್ರಮದ ದಿನ. ಕುಲಾವಿ, ದುಪ್ಪಟಿ, ಬಿಸಿನೀರಿನ ಫ್ಲಾಸ್ಕ್, ಔಷಧಿ ಚೀಟಿ ಎಲ್ಲವನ್ನೂ ಮರೆಯದೆ ಹೊಂದಿಸಿಕೊಳ್ಳುತ್ತೀರಿ. ಕಾರು ಬಾಗಿಲಿಗೆ ಬಂದು ನಿಲ್ಲುತ್ತದೆ. ಹಿಂದೆ ಇಕ್ಕಟ್ಟಾಗುತ್ತದೆಂದು ಅಜ್ಜಿ ಮಗುವನ್ನು ಎದೆಗವಚಿಕೊಂಡು ಮುಂದಿನ ಸೀಟಿನಲ್ಲಿ ಕುಳಿತುಕೊಳ್ಳುತ್ತಾರೆ. ಮಗುವಿನ ಮೊದಲ ಪ್ರಯಾಣ ಹೀಗೆ ಆರಂಭವಾಗುತ್ತದೆ. ಇದರಲ್ಲಿ ಪ್ರೀತಿಗೆ ಕೊರತೆಯಿಲ್ಲ. ಆದರೆ ಸುರಕ್ಷತೆಗೆ ಕೊರತೆಯಿದೆ.

ತಾಯಿಯ ಮಡಿಲು ಮಗುವಿಗೆ ಎಲ್ಲೆಡೆಯೂ ಸುರಕ್ಷಿತ ಸ್ಥಳ. ಚಲಿಸುವ ಕಾರು ಮಾತ್ರ ಇದಕ್ಕೆ ಹೊರತು. ಏಕೆ ಎಂಬುದನ್ನು ತಿಳಿಯೋಣ.

ಕೈಯಲ್ಲಿ ಹಿಡಿದರೆ ಸಾಲದೇಕೆ?

ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುತ್ತಿರುವ ಕಾರು ಡಿಕ್ಕಿಯಾಗಿ ಅರ್ಧ ಮೀಟರ್ ಅಂತರದಲ್ಲಿ ನಿಂತುಬಿಟ್ಟಿತೆಂದು ತಿಳಿಯಿರಿ. ಆಗ ಒಳಗಿರುವ ಪ್ರತಿಯೊಬ್ಬರ ದೇಹವೂ ತನ್ನ ತೂಕದ ಸುಮಾರು 20 ಪಟ್ಟು ಬಲದಿಂದ ಮುಂದಕ್ಕೆ ಎಳೆಯಲ್ಪಡುತ್ತದೆ. 3 ಕೆ.ಜಿ. ತೂಕದ ಹಸುಗೂಸು ಆ ಕ್ಷಣದಲ್ಲಿ 60 ಕೆ.ಜಿ. ಭಾರವಾಗುತ್ತದೆ. 10 ಕೆ.ಜಿ. ತೂಕದ ಒಂದು ವರ್ಷದ ಮಗು ಎರಡು ಕ್ವಿಂಟಲ್ ಭಾರವಾಗುತ್ತದೆ. ಎರಡು ಕ್ವಿಂಟಲ್ ಜೋಳವನ್ನು ಎಂಥ ಬಲಶಾಲಿಯೂ ತೋಳಿನಲ್ಲಿ ತಡೆದು ಹಿಡಿಯಲಾರ. ಇದೆಲ್ಲವೂ ಕಣ್ಣು ಮಿಟುಕಿಸುವುದರೊಳಗೆ ನಡೆದುಹೋಗುತ್ತದೆ. "ನಾನು ಗಟ್ಟಿಯಾಗಿ ಹಿಡಿದುಕೊಂಡಿರುತ್ತೇನೆ" ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಹಿಡಿದವರು ಬೆಲ್ಟ್ ಹಾಕಿರದಿದ್ದರೆ ಅವರ ಸ್ವಂತ ಭಾರವೂ ಮಗುವಿನ ಮೇಲೆಯೇ ಬೀಳುತ್ತದೆ.

ಕೆಲವರು ತಾಯಿ-ಮಗು ಇಬ್ಬರಿಗೂ ಸೇರಿಸಿ ಒಂದೇ ಬೆಲ್ಟ್ ಹಾಕುತ್ತಾರೆ. ಇದು ಇನ್ನೂ ಅಪಾಯಕರ. ಡಿಕ್ಕಿಯ ಸಮಯದಲ್ಲಿ ಮಗು ಬೆಲ್ಟಿಗೂ ತಾಯಿಯ ದೇಹಕ್ಕೂ ನಡುವೆ ಸಿಕ್ಕಿ ನಜ್ಜಾಗುತ್ತದೆ.

ಅಮೆರಿಕದ ಟೆನ್ನೆಸ್ಸಿ ರಾಜ್ಯದಲ್ಲಿ ಡಾ. ರಾಬರ್ಟ್ ಸ್ಯಾಂಡರ್ಸ್ ಎಂಬ ಮಕ್ಕಳ ವೈದ್ಯರ ಪ್ರಯತ್ನದಿಂದ 1978ರ ಜನವರಿ 1ರಂದು ಆ ದೇಶದ ಮೊದಲ ಮಕ್ಕಳ ಸುರಕ್ಷತಾ ಸೀಟಿನ ಕಾನೂನು ಜಾರಿಗೆ ಬಂದಿತು. ಆದರೆ ಕಾನೂನು ಮಾಡುವಾಗ ಮಗುವನ್ನು ದೊಡ್ಡವರು ತೊಡೆಯ ಮೇಲೆ ಹಿಡಿದುಕೊಂಡರೂ ನಡೆದೀತು ಎಂಬ ರಿಯಾಯಿತಿಯೊಂದನ್ನು ಸೇರಿಸಲಾಗಿತ್ತು. ಆ ವೈದ್ಯರು ಇದನ್ನು ಬಲವಾಗಿ ವಿರೋಧಿಸುತ್ತ ಬಂದರು. 1981ರಲ್ಲಿ ಆ ರಿಯಾಯಿತಿಯನ್ನು ತೆಗೆದುಹಾಕಲಾಯಿತು. ತೊಡೆಯ ಮೇಲೆ ಮಗು ಸುರಕ್ಷಿತ ಎಂಬ ನಂಬಿಕೆ ಎಲ್ಲ ದೇಶಗಳಲ್ಲೂ ಇತ್ತು. ಅದನ್ನು ತಿದ್ದಿಕೊಳ್ಳಲು ಎಲ್ಲರಿಗೂ ಸಮಯ ಹಿಡಿದಿದೆ.

ನಮ್ಮ ದೇಶದ ಕಾನೂನು

ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಗುವನ್ನು ಸೀಟ್ ಬೆಲ್ಟ್ ಅಥವಾ ಮಕ್ಕಳ ಸುರಕ್ಷತಾ ಸೀಟಿನಲ್ಲಿ ಭದ್ರಪಡಿಸದೆ ವಾಹನ ಚಲಾಯಿಸಿದರೆ 1000 ರೂಪಾಯಿ ದಂಡವಿದೆ. ಆದರೆ ದಂಡದ ಭಯಕ್ಕಾಗಿ ಅಲ್ಲ, ಮಗುವಿನ ಜೀವಕ್ಕಾಗಿ ಇದನ್ನು ಪಾಲಿಸಬೇಕು. ಸರಿಯಾಗಿ ಬಳಸಿದ ಸೀಟು ಅಪಘಾತದಲ್ಲಿ ಹಸುಗೂಸಿನ ಸಾವಿನ ಸಂಭವವನ್ನು ಶೇ. 70ರ ಆಸುಪಾಸಿನಷ್ಟು ತಗ್ಗಿಸುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ.

ಯಾವ ವಯಸ್ಸಿಗೆ ಯಾವ ಸೀಟು?

1. ಹಸುಗೂಸು: ಹಿಮ್ಮುಖ ಸೀಟು. ಇದರಲ್ಲಿ ಮಗುವಿನ ಮುಖ ಕಾರಿನ ಹಿಂಬದಿ ಗಾಜಿನ ಕಡೆಗಿರುತ್ತದೆ. ಹುಟ್ಟಿದ ಮಗುವಿನ ದೇಹದ ಉದ್ದದಲ್ಲಿ ತಲೆಯೇ ಸುಮಾರು ಕಾಲು ಭಾಗ. ಕತ್ತು ಬಹಳ ಎಳೆಯದು. ಕಾರು ಥಟ್ಟನೆ ನಿಂತಾಗ ಹಿಮ್ಮುಖ ಸೀಟಿನ ಬೆನ್ನು ಮಗುವಿನ ತಲೆ, ಕತ್ತು, ಬೆನ್ನು ಮೂರನ್ನೂ ಒಟ್ಟಿಗೆ ತಡೆದು ಹಿಡಿಯುತ್ತದೆ. ಕನಿಷ್ಠ 15 ತಿಂಗಳವರೆಗೆ ಹೀಗೆಯೇ ಕೂರಿಸಿ. ಸೀಟಿನ ತೂಕ-ಎತ್ತರದ ಮಿತಿಯೊಳಗೆ ಇದ್ದರೆ ಎರಡು ವರ್ಷದ ನಂತರವೂ ಮುಂದುವರಿಸುವುದು ಉತ್ತಮ. ಕಾಲು ಮಡಚಿಕೊಂಡು ಕೂರುತ್ತದೆಂದು ಚಿಂತಿಸಬೇಡಿ. ಅದರಿಂದ ಮಗುವಿಗೆ ತೊಂದರೆಯಿಲ್ಲ.

2. ಅನಂತರ ಸುಮಾರು 18 ಕೆ.ಜಿ.ವರೆಗೆ: ಭುಜ, ಸೊಂಟ ಮತ್ತು ತೊಡೆಗಳ ನಡುವಿನ ಪಟ್ಟಿಗಳಿರುವ ಮುಮ್ಮುಖ ಸೀಟು.

3. ಅದಕ್ಕಿಂತ ದೊಡ್ಡ ಮಕ್ಕಳಿಗೆ: ಬೂಸ್ಟರ್ ಸೀಟು. ಇದು ಮಗುವನ್ನು ಎತ್ತರಿಸಿ ಕಾರಿನ ಬೆಲ್ಟ್ ಸರಿಯಾದ ಜಾಗದಲ್ಲಿ ಬರುವಂತೆ ಮಾಡುತ್ತದೆ. ಬೆಲ್ಟ್ ಭುಜದ ಮಧ್ಯದಲ್ಲಿ ಹಾದು, ಹೊಟ್ಟೆಯ ಮೇಲೆ ಬಾರದೆ ತೊಡೆಯ ಮೇಲ್ಭಾಗದಲ್ಲಿ ಕೂರಬೇಕು. ಮಗುವಿನ ಎತ್ತರ ಸುಮಾರು 150 ಸೆಂ.ಮೀ. ಆಗುವವರೆಗೆ ಇದರ ಅವಶ್ಯಕತೆ ಇರುತ್ತದೆ.

ಸೀಟನ್ನು ಅಳವಡಿಸುವ ಕ್ರಮ

* ಸೀಟಿನ ಜೊತೆ ಬಂದ ಕೈಪಿಡಿ ಮತ್ತು ಕಾರಿನ ಕೈಪಿಡಿ ಎರಡನ್ನೂ ಓದಿ. ಎ.ಐ.ಎಸ್. 072 ಅಥವಾ ಯುರೋಪಿನ ಆರ್ 44, ಆರ್ 129 ಗುಣಮಟ್ಟದ ಗುರುತು ಇರುವ ಸೀಟನ್ನೇ ಕೊಳ್ಳಿ.

* ಸೀಟು ಯಾವಾಗಲೂ ಕಾರಿನ ಹಿಂಬದಿಯಲ್ಲಿರಲಿ. ಈಗಿನ ಹೊಸ ಕಾರುಗಳಲ್ಲಿ ಮುಂದಿನ ಎರಡೂ ಆಸನಗಳಿಗೆ ಏರ್‌ಬ್ಯಾಗ್ ಇರುತ್ತದೆ. ಅದು ಡಿಕ್ಕಿಯಾದೊಡನೆ ಭಾರಿ ರಭಸದಿಂದ ಉಬ್ಬಿ, ಹಿಮ್ಮುಖ ಸೀಟಿನ ಬೆನ್ನಿಗೆ ಅಪ್ಪಳಿಸಿ ಮಗುವಿನ ಪ್ರಾಣಕ್ಕೇ ಎರವಾಗಬಹುದು.

* ಬೆಲ್ಟಿನಿಂದ ಕಟ್ಟುವ ಸೀಟಾದರೆ, ಬೆಲ್ಟ್ ಹಾಯಬೇಕಾದ ದಾರಿಯನ್ನು ಬಣ್ಣದಿಂದ ಗುರುತಿಸಿರುತ್ತಾರೆ. ಸಾಮಾನ್ಯವಾಗಿ ಹಿಮ್ಮುಖಕ್ಕೆ ನೀಲಿ, ಮುಮ್ಮುಖಕ್ಕೆ ಕೆಂಪು. ಸೀಟನ್ನು ಕೈಯಿಂದ ಬಲವಾಗಿ ಒತ್ತಿ ಹಿಡಿದು ಬೆಲ್ಟಿನ ಸಡಿಲವನ್ನೆಲ್ಲ ಎಳೆದು ಬಿಗಿ ಮಾಡಿ.

* ಐಸೋಫಿಕ್ಸ್ ಇರುವ ಕಾರಿನಲ್ಲಿ ಆಸನದ ಬೆನ್ನು ಮತ್ತು ಕೂರುವ ಭಾಗದ ಸಂದಿಯಲ್ಲಿ ಎರಡು ಲೋಹದ ಕೊಂಡಿಗಳಿರುತ್ತವೆ. ಸೀಟಿನ ಎರಡೂ ತೋಳುಗಳು ಅವುಗಳಿಗೆ 'ಟಕ್' ಎಂದು ಕಚ್ಚಿಕೊಳ್ಳಬೇಕು. ಜೊತೆಗೆ ಮೇಲಿನ ಪಟ್ಟಿ ಇದ್ದರೆ ಅದನ್ನು ಹಿಂದಿನ ಕೊಂಡಿಗೆ ಸಿಕ್ಕಿಸಿ. ಆಧಾರದ ಕಾಲಿದ್ದರೆ ಅದು ಕಾರಿನ ನೆಲಕ್ಕೆ ಊರಿರಲಿ.

* ಕೊನೆಗೆ ಬೆಲ್ಟ್ ಹಾಯುವ ಜಾಗದಲ್ಲಿ ಸೀಟನ್ನು ಹಿಡಿದು ಅಲುಗಾಡಿಸಿ ನೋಡಿ. ಒಂದು ಇಂಚಿಗಿಂತ ಹೆಚ್ಚು ಸರಿದರೆ ಬಿಚ್ಚಿ ಮತ್ತೆ ಕಟ್ಟಿ.

ಮಗುವನ್ನು ಕೂರಿಸುವಾಗ

* ಹಿಮ್ಮುಖ ಸೀಟಿನಲ್ಲಿ ಭುಜದ ಪಟ್ಟಿ ಭುಜದ ಮಟ್ಟದಿಂದ ಅಥವಾ ಸ್ವಲ್ಪ ಕೆಳಗಿನಿಂದ ಬರಲಿ. ಮುಮ್ಮುಖ ಸೀಟಿನಲ್ಲಿ ಭುಜದ ಮಟ್ಟದಿಂದ ಅಥವಾ ಸ್ವಲ್ಪ ಮೇಲಿನಿಂದ ಬರಲಿ.

* ಪಟ್ಟಿಯನ್ನು ಎರಡು ಬೆರಳುಗಳಿಂದ ಚಿವುಟಿ ನೋಡಿ. ಮಡಿಕೆ ಕೈಗೆ ಸಿಕ್ಕಿದರೆ ಇನ್ನೂ ಬಿಗಿ ಮಾಡಬೇಕು.

* ದಪ್ಪ ಸ್ವೆಟರ್ ಅಥವಾ ದುಪ್ಪಟಿ ಸುತ್ತಿ ಅದರ ಮೇಲೆ ಪಟ್ಟಿ ಹಾಕಬೇಡಿ. ಡಿಕ್ಕಿಯಾದಾಗ ಬಟ್ಟೆ ಕುಗ್ಗಿ ಮಗು ಜಾರಿಬಿಡುತ್ತದೆ. ಮೊದಲು ಪಟ್ಟಿ ಬಿಗಿಯಿರಿ, ಆಮೇಲೆ ಮೇಲಿಂದ ಹೊದಿಸಿ. ಕುಲಾವಿ ಹಾಕಲು ಅಡ್ಡಿಯಿಲ್ಲ.

* ಹಸುಗೂಸಿನ ಗದ್ದ ಎದೆಗೆ ತಾಗಿದರೆ ಉಸಿರಾಟಕ್ಕೆ ತಡೆಯಾಗುತ್ತದೆ. ಸೀಟನ್ನು ಕೈಪಿಡಿಯಲ್ಲಿ ಹೇಳಿದಷ್ಟು ಹಿಂದಕ್ಕೆ ಒರಗಿಸಿ. ದೂರದ ಪ್ರಯಾಣದಲ್ಲಿ ಎರಡು ಗಂಟೆಯೊಳಗೆ ಒಮ್ಮೆ ಕಾರು ನಿಲ್ಲಿಸಿ, ಮಗುವನ್ನು ಹೊರತೆಗೆದು ಹಾಲು ಕುಡಿಸಿ. ಮನೆ ತಲುಪಿದ ಮೇಲೆ ಸೀಟಿನಲ್ಲೇ ಮಲಗಿಸಬೇಡಿ. ಅವಧಿಗೆ ಮುನ್ನ ಹುಟ್ಟಿದ ಮಗುವಾದರೆ ಪ್ರಯಾಣಕ್ಕೆ ಮೊದಲು ವೈದ್ಯರನ್ನು ಕೇಳಿ.

* ದಾರಿಯಲ್ಲಿ ಮಗು ಅತ್ತರೆ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಸಮಾಧಾನಪಡಿಸಿ. ಓಡುವ ಕಾರಿನಲ್ಲಿ ಬಿಚ್ಚಿ ಎತ್ತಿಕೊಳ್ಳಬೇಡಿ.

* ನಿಲ್ಲಿಸಿದ ಕಾರಿನಲ್ಲಿ ಮಗುವನ್ನು ಒಂದು ನಿಮಿಷವೂ ಒಂಟಿಯಾಗಿ ಬಿಡಬೇಡಿ. ನಮ್ಮ ಬಿಸಿಲಿಗೆ ಮುಚ್ಚಿದ ಕಾರು ಬಹುಬೇಗ ಕಾಯುತ್ತದೆ.

ಸೀಟು ಕೊಳ್ಳಲು ಆಗದಿದ್ದರೆ?

ಎಲ್ಲರಿಗೂ ಇದು ಕೈಗೆಟುಕುವ ವಸ್ತುವಲ್ಲ ಎಂಬುದು ನಿಜ. ಬಂಧುಗಳು ನಾಮಕರಣಕ್ಕೆ ಏನು ಉಡುಗೊರೆ ತರಲಿ ಎಂದು ಕೇಳಿದಾಗ ಸಂಕೋಚಪಡದೆ ಈ ಸೀಟನ್ನು ಹೇಳಿ. ಸೋದರಮಾವನ ಬೆಳ್ಳಿ ಉಡುದಾರ ಮುಂದಿನ ವರ್ಷ ಬಂದರೂ ಆದೀತು. ಅಕ್ಕ-ತಂಗಿಯರ ಮಕ್ಕಳಿಗೆ ಬಳಸಿದ ಸೀಟನ್ನೂ ಪಡೆಯಬಹುದು. ಆದರೆ ಅದು ಅಪಘಾತಕ್ಕೆ ಸಿಕ್ಕಿರಬಾರದು, ಬಿರುಕು ಇರಬಾರದು, ಅದರ ಮೇಲೆ ನಮೂದಿಸಿದ ಅವಧಿ ಮುಗಿದಿರಬಾರದು. ಇತಿಹಾಸ ಗೊತ್ತಿಲ್ಲದ ಹಳೆಯ ಸೀಟು ಬೇಡ.

ಬಾಡಿಗೆ ಕಾರಿನಲ್ಲಿ ಸೀಟಿಲ್ಲದೆ ಹೋಗಲೇಬೇಕಾದಾಗ ಮಗುವನ್ನು ಹಿಡಿದವರು ಹಿಂಬದಿಯಲ್ಲೇ ಕುಳಿತು ತಾವು ಮಾತ್ರ ಬೆಲ್ಟ್ ಹಾಕಿಕೊಳ್ಳಲಿ. ಹಗಲಿನಲ್ಲಿ ಹೊರಡಿ. ಚಾಲಕನಿಗೆ ನಿಧಾನವಾಗಿ ಹೋಗಲು ಹೇಳಿ. ಇದು ಸೀಟಿಗೆ ಸಮವಲ್ಲ. ಅಪಾಯವನ್ನು ಸ್ವಲ್ಪ ಕಡಿಮೆ ಮಾಡುವ ಕ್ರಮ ಮಾತ್ರ.

ದ್ವಿಚಕ್ರ ವಾಹನದಲ್ಲಿ ಹಸುಗೂಸನ್ನು ಒಯ್ಯಲೇಬೇಡಿ. 9 ತಿಂಗಳಿಂದ 4 ವರ್ಷದ ಮಗುವನ್ನು ಹಿಂದೆ ಕೂರಿಸುವುದಾದರೆ ಹೆಲ್ಮೆಟ್, ಸವಾರನಿಗೆ ಜೋಡಿಸುವ ಸುರಕ್ಷತಾ ಪಟ್ಟಿ ಮತ್ತು ಗಂಟೆಗೆ 40 ಕಿ.ಮೀ. ಮೀರದ ವೇಗ ಕಡ್ಡಾಯ. ಈ ನಿಯಮ 2023ರ ಫೆಬ್ರವರಿ 15ರಿಂದ ಜಾರಿಯಲ್ಲಿದೆ.

ನೆನಪಿಡಿ

* ಮಗು ಹಿಂಬದಿಯಲ್ಲಿ, ತನ್ನದೇ ಸೀಟಿನಲ್ಲಿ.
* ಹಸುಗೂಸು ಹಿಮ್ಮುಖವಾಗಿ.
* ಪಟ್ಟಿ ಮೊದಲು, ಹೊದಿಕೆ ಆಮೇಲೆ.
* ಹತ್ತಿರದ ಊರಾದರೂ ಪ್ರತಿ ಸಲ, ತಪ್ಪದೆ.

ಹೆರಿಗೆಗೆ ದಿನ ಹತ್ತಿರವಾದಾಗಲೇ ಸೀಟನ್ನು ಕಾರಿಗೆ ಕಟ್ಟಿ ಅಭ್ಯಾಸ ಮಾಡಿಕೊಳ್ಳಿ. ಡಿಸ್ಚಾರ್ಜ್ ಆಗುವ ದಿನದ ಗಡಿಬಿಡಿಯಲ್ಲಿ ಕಲಿಯುವುದು ಕಷ್ಟ. ಸಂಶಯವಿದ್ದರೆ ವಾರ್ಡಿನ ಸಿಸ್ಟರ್ ಅಥವಾ ಮಕ್ಕಳ ವೈದ್ಯರನ್ನು ಕೇಳಿ. ಮೊದಲ ದಿನದಿಂದ ಸೀಟಿನಲ್ಲಿ ಕುಳಿತ ಮಗು ಮುಂದೆ ಹಟ ಮಾಡುವುದು ಕಡಿಮೆ. ಮನೆ ತಲುಪಿದ ಮೇಲೆ ಎದೆಗವಚಿಕೊಳ್ಳಲು ಅಜ್ಜಿಗೆ ಬೇಕಾದಷ್ಟು ಸಮಯವಿರುತ್ತದೆ.