ಕರ್ಮಣಿ ಪ್ರಯೋಗದಲ್ಲಿ ‘ಬೆಟರ್’ ಎಂಬ ಪದದ ಸ್ಥಾನ

ಶಾಲೆಯನ್ನು ಬಿಟ್ಟು ಎಷ್ಟೋ ವರುಷಗಳಾದ ಮೇಲೆಯೂ ಇಂಗ್ಲಿಷು ವ್ಯಾಕರಣದ ಸಂದೇಹಗಳನ್ನು ಬರೆದು ಕೇಳುವ ಹಳೆಯ ವಿದ್ಯಾರ್ಥಿನಿಯರುಂಟು. ಅವರ ಪ್ರಶ್ನೆಗಳಲ್ಲಿ ಮೇಲಿಂದ ಮೇಲೆ ಬರುವದೊಂದನ್ನು ಇಲ್ಲಿ ವಿಚಾರಿಸೋಣ. ಕರ್ಮಣಿ ಪ್ರಯೋಗದಲ್ಲಿ ‘ಬೆಟರ್’, ‘ಮೋರ್ ಕೇರ್‌ಫುಲಿ’ ಮೊದಲಾದ ತಾರತಮ್ಯಸೂಚಕ ಕ್ರಿಯಾವಿಶೇಷಣಗಳನ್ನು ಎಲ್ಲಿ ಇಡತಕ್ಕದ್ದು?

ಕನ್ನಡದಲ್ಲಿ ಈ ತೊಡಕು ಹೆಚ್ಚಾಗಿ ಇಲ್ಲ. ‘ಅದಕ್ಕಿಂತ ಚೆನ್ನಾಗಿ ಬರೆದಿದ್ದಾರೆ’ ಎಂಬಲ್ಲಿ ತಾರತಮ್ಯವನ್ನು ‘ಕಿಂತ’ ಎಂಬದೇ ತಿಳಿಸುವದು. ‘ಚೆನ್ನಾಗಿ’ ಎಂಬದು ರೂಪವನ್ನು ಬದಲಿಸದೆ ಕ್ರಿಯಾಪದಕ್ಕೆ ಮೊದಲು ನಿಲ್ಲುವದು. ‘ಬರೆಯಲ್ಪಟ್ಟಿದೆ’ ಎಂಬ ಕರ್ಮಣಿ ರೂಪವಂತೂ ಮನೆಮಾತಿನಲ್ಲಿ ಅಪರೂಪ.

ಇಂಗ್ಲಿಷಿನಲ್ಲಿ ‘ದಿ ಲೆಟರ್ ವಾಸ್ ಮೋರ್ ಕೇರ್‌ಫುಲಿ ರಿಟನ್’ ಎಂದರೂ ಸರಿ, ‘ವಾಸ್ ರಿಟನ್ ಮೋರ್ ಕೇರ್‌ಫುಲಿ’ ಎಂದರೂ ಸರಿ. ಆದರೆ ಮೊದಲನೆಯದರಲ್ಲಿ ನಮ್ಮ ದೃಷ್ಟಿಯು ಬರೆದು ಮುಗಿದ ಪತ್ರದ ಗುಣದ ಮೇಲೆ, ಎರಡನೆಯದರಲ್ಲಿ ಬರೆಯುವ ಕೆಲಸದ ಮೇಲೆ ಹೆಚ್ಚಾಗಿ ಬೀಳುವದು. ಆದಕಾರಣ ಸ್ಥಿತಿಯನ್ನು ಹೇಳುವ ‘ಶಿ ಈಸ್ ಬೆಟರ್ ನೋನ್’ ಎಂಬದರಲ್ಲಿ ‘ಬೆಟರ್’ ಮುಂಚಿತವಾಗಿಯೇ ಬರುವದು. ‘ದಿ ಬಾಲ್ ವಾಸ್ ಥ್ರೋನ್ ಫಾರ್ದರ್’ ಎಂಬದರಲ್ಲಿಯೋ, ಚೆಂಡು ಹೋದ ದೂರವನ್ನು ಹೇಳುವ ಪದವು ಕೊನೆಗೇ ಸಲ್ಲುವದು. ಸಹಾಯಕ ಕ್ರಿಯಾಪದಗಳು ಎಷ್ಟಿದ್ದರೂ ಅವೆಲ್ಲವುಗಳ ತರುವಾಯ, ಕೃದಂತಕ್ಕೆ ತಗಲಿಯೇ ‘ಬೆಟರ್’ ನಿಲ್ಲತಕ್ಕದ್ದು: ‘ಶುಡ್ ಹ್ಯಾವ್ ಬೀನ್ ಬೆಟರ್ ಟಾಟ್’. ‘ಮೋರ್ ಈಸಿ ಅಂಡರ್‌ಸ್ಟುಡ್’, ‘ಮೋರ್ ಬೆಟರ್ ಡನ್’ ಎಂಬವು ತಪ್ಪೆಂದು ಈ ಪುಟಗಳ ಓದುಗರಿಗೆ ಹೇಳಬೇಕಾಗಿಲ್ಲ.

ಇಷ್ಟರ ವರೆಗೆ ಕಿವಿಗೆ ಹಿತವಾಗುವ ಮಾತು; ಮುಂದಿನದು ಅರ್ಥದ ಮಾತು. ‘ದಿ ಗರ್ಲ್ಸ್ ವರ್ ಮೋರ್ ಫರ್ಮ್‌ಲಿ ಟೋಲ್ಡ್ ಟು ಸ್ಪೀಕ್’ ಎಂದರೆ ಹೇಳಿದವರ ಮಾತು ದೃಢವಾಯಿತು. ‘ವರ್ ಟೋಲ್ಡ್ ಟು ಸ್ಪೀಕ್ ಮೋರ್ ಫರ್ಮ್‌ಲಿ’ ಎಂದರೆ ಹುಡುಗಿಯರ ಮಾತು ದೃಢವಾಗಬೇಕು. ಗದರಿಸಿದವರು ಯಾರು, ಧೈರ್ಯ ತಾಳಬೇಕಾದವರು ಯಾರು ಎಂಬದೆಲ್ಲಾ ಒಂದು ಪದದ ಸ್ಥಾನದಿಂದ ತಿರುಗಿಹೋಯಿತು!

‘ದ್ಯಾನ್’ ಎಂಬ ಪದವು ಇನ್ನೂ ಹೆಚ್ಚು ಮೋಸ ಮಾಡುವದು. ‘ಸರಳಾ ವಾಸ್ ಮೋರ್ ಆಫನ್ ಪ್ರೇಸ್ಡ್ ಬೈ ಹರ್ ಮದರ್ ದ್ಯಾನ್ ಹರ್ ಸಿಸ್ಟರ್’ ಎಂಬ ವಾಕ್ಯವನ್ನು ನೋಡಿರಿ. ತಾಯಿಯು ತಂಗಿಗಿಂತ ಸರಳೆಯನ್ನು ಹೆಚ್ಚಾಗಿ ಹೊಗಳಿದಳೋ? ಅಥವಾ ಸರಳೆಯನ್ನು ತಂಗಿಯು ಹೊಗಳಿದ್ದಕ್ಕಿಂತ ತಾಯಿ ಹೊಗಳಿದ್ದು ಹೆಚ್ಚೋ? ಮೊದಲನೆಯದಾದರೆ ‘ದ್ಯಾನ್ ಹರ್ ಸಿಸ್ಟರ್ ವಾಸ್’ ಎಂದೂ ಎರಡನೆಯದಾದರೆ ‘ದ್ಯಾನ್ ಬೈ ಹರ್ ಸಿಸ್ಟರ್’ ಎಂದೂ ಬರೆದರೆ ಸಂಶಯವಿಲ್ಲ. ಪ್ರಶಂಸಾಪತ್ರಗಳನ್ನು ಬರೆಯುವವರು ಈ ಚಿಕ್ಕ ಪದಗಳಲ್ಲಿ ಜಿಪುಣತನ ಮಾಡಬಾರದೆಂದು ನನ್ನ ಅಭಿಪ್ರಾಯ.

ಕೃದಂತವು ನಾಮಪದದ ಮುಂದೆ ಬಂದಾಗಲೂ ಇದೇ ತೊಡಕು. ‘ವಿ ನೀಡ್ ಮೋರ್ ಎಜುಕೇಟೆಡ್ ವಿಮೆನ್’ ಎಂದು ಒಂದು ಶಾಲೆಯ ವರದಿಯಲ್ಲಿ ಬರೆದರೆ, ವಿದ್ಯಾವತಿಯರ ಸಂಖ್ಯೆ ಹೆಚ್ಚಬೇಕೆಂದೂ ಆದೀತು, ಇರುವವರ ವಿದ್ಯೆ ಸಾಲದೆಂದೂ ಆದೀತು. ‘ಬೆಟರ್ ಎಜುಕೇಟೆಡ್ ವಿಮೆನ್’ ಎಂದರೆ ವಿದ್ಯೆಯ ಮಾತು. ‘ಎ ಲಾರ್ಜರ್ ನಂಬರ್ ಆಫ್ ಎಜುಕೇಟೆಡ್ ವಿಮೆನ್’ ಎಂದರೆ ಸಂಖ್ಯೆಯ ಮಾತು.