ಗಾಳದ ಕೋಲು ಅಗ್ಗದ್ದಾದ್ರೂ ಸರಿ, ದಾರ ಸರಿಯಾಗಿರಲಿ

ಪತ್ರಿಕೆಗೆ ಏನಾದ್ರೂ ಬರೆದು ಕಳಿಸಿ ಅಂತ ಕ್ಲಬ್ಬಿನವರು ಕೇಳಿದಾಗ ನಮ್ಮಿಂದ ನಿರೀಕ್ಷಿಸಿದ್ದು ಜಿಆರ್‌ಇ, ವೀಸಾ, ಅಡ್ಮಿಷನ್‌ ಬಗ್ಗೆ ಇರಬೇಕು. ಅದನ್ನು ಬರೆಯೋಕೆ ಬೇಕಾದಷ್ಟು ಜನ ಇದ್ದಾರೆ. ನಾವು ಮೀನು ಹಿಡಿಯೋದರ ಬಗ್ಗೆ ಬರೀತೀವಿ.

ನಾವು ಮೂವರು ಇದೇ ಕ್ಯಾಂಪಸ್ಸಿನಲ್ಲಿ ಓದಿ, ಈಗ ಟೆಕ್ಸಾಸ್‌ನಲ್ಲಿ ಎಂಎಸ್ ಮಾಡ್ತಿದ್ದೇವೆ. ಬಾಡಿಗೆ, ದಿನಸಿ ಕಳೆದ ಮೇಲೆ ಉಳಿಯೋದು ಅಷ್ಟಕ್ಕಷ್ಟೆ. ಪ್ರತಿ ಡಾಲರನ್ನೂ ರೂಪಾಯಿಗೆ ಗುಣಿಸಿ ನೋಡೋ ಚಟ ಇನ್ನೂ ಹೋಗಿಲ್ಲ. ಹಾಗಿದ್ದೂ ಕಳೆದ ಬೇಸಿಗೆಯಲ್ಲಿ 80 ಡಾಲರ್ ಕೊಟ್ಟು ಒಂದು ಫ್ಲೈ ಫಿಶಿಂಗ್ ಕಿಟ್ ತಗೊಂಡ್ವಿ. ಮನೆಯ ಹತ್ತಿರವೇ ಒಂದು ಕೆರೆ ಇದೆ, ಶನಿವಾರ ಸಂಜೆ ರೂಮಿನ ಗೋಡೆ ನೋಡ್ತಾ ಕೂರೋದು ತಪ್ಪುತ್ತೆ ಅನ್ನೋದು ಲೆಕ್ಕಾಚಾರ.

ಎರಡು ವಾರ ಬೀಸಿದ್ದೇ ಬಂತು. ದಾರ ಮುಂದಕ್ಕೆ ಹೋಗದೆ ಕಾಲ ಬಳಿ ಶಾವಿಗೆ ಥರ ಗುಡ್ಡೆಯಾಗಿ ಬೀಳ್ತಿತ್ತು. ಇದು ನಮ್ಮ ಕೈಲಾಗೋ ಕೆಲಸ ಅಲ್ಲ, ಮಾರಿಬಿಡೋಣ ಅನ್ನೋವರೆಗೂ ಬಂದಿದ್ವಿ.

ಭಾರ ಇರೋದು ದಾರದಲ್ಲಿ

ನಮ್ಮೂರ ಗಾಳದಲ್ಲಿ ಎರೆಹುಳು, ಸೀಸದ ಗುಂಡು ಭಾರವಾಗಿರುತ್ತವೆ. ಅವು ಹಾರಿದ ಕಡೆಗೆ ದಾರ ಹಿಂದೆ ಹೋಗುತ್ತೆ. ಫ್ಲೈ ಫಿಶಿಂಗ್‌ನಲ್ಲಿ ಇದು ಉಲ್ಟಾ. ಕೊಕ್ಕೆಗೆ ಪುಕ್ಕ, ಕೂದಲು ಸುತ್ತಿ ಹುಳುವಿನಂತೆ ಮಾಡಿದ ‘ಫ್ಲೈ’ ಸಾಮಾನ್ಯವಾಗಿ ಒಂದು ಗ್ರಾಂ ಕೂಡ ತೂಗಲ್ಲ. ಅದನ್ನು ಹೊತ್ತುಕೊಂಡು ಹೋಗೋದು ದಪ್ಪನೆಯ, ತೂಕದ ಲೈನ್. ರಾಡ್ ಅಂದ್ರೆ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಕ್ಲಾಸಿನ ಅದೇ ಕ್ಯಾಂಟಿಲಿವರ್ ಬೀಮ್. ಲೈನಿನ ತೂಕಕ್ಕೆ ಬಾಗುತ್ತೆ, ಕೈ ಗಕ್ಕನೆ ನಿಂತಾಗ ನೆಟ್ಟಗಾಗಿ ಆ ಶಕ್ತಿಯನ್ನು ಲೈನಿಗೆ ವಾಪಸ್ ಕೊಡುತ್ತೆ. ಲೋಡ್ ಸಾಲದಿದ್ರೆ ಬೀಮ್ ಬಾಗಲ್ಲ, ಲೈನ್ ಹಾರಲ್ಲ.

ಹಾಗಾಗಿ ರಾಡಿಗೂ ಲೈನಿಗೂ ಒಂದೇ ನಂಬರ್ ಇರಬೇಕು. ಲೈನಿನ ನಂಬರ್ ಅದರ ಮೊದಲ 30 ಅಡಿಯ ತೂಕವನ್ನು ಹೇಳುತ್ತೆ. ಅಳತೆ ಗ್ರೇನ್‌ಗಳಲ್ಲಿ, ಒಂದು ಗ್ರೇನ್ ಅಂದ್ರೆ 0.0648 ಗ್ರಾಂ.

- 3 ನಂಬರ್: 100 ಗ್ರೇನ್, ಸುಮಾರು 6.5 ಗ್ರಾಂ
- 5 ನಂಬರ್: 140 ಗ್ರೇನ್, ಸುಮಾರು 9.1 ಗ್ರಾಂ
- 6 ನಂಬರ್: 160 ಗ್ರೇನ್, ಸುಮಾರು 10.4 ಗ್ರಾಂ
- 8 ನಂಬರ್: 210 ಗ್ರೇನ್, ಸುಮಾರು 13.6 ಗ್ರಾಂ

ಲ್ಯಾಬಿನಲ್ಲಿ ನಮ್ಮ ಜೊತೆಗಿರುವ ಇಲ್ಲಿಯ ಹುಡುಗನೊಬ್ಬ ನಮ್ಮ ರಾಡ್ ಬೀಸಿ ನೋಡಿ, ‘ರಾಡ್ ಚೆನ್ನಾಗೇ ಇದೆ, ಲೈನ್ ತೂಕ ಹಾಕಿ ನೋಡಿ’ ಅಂದ. ಹೇಗೂ ಕೈಬಿಟ್ಟ ಲೈನ್ ಅಂತ 30 ಅಡಿ ಅಳೆದು ಕತ್ತರಿಸಿ, ಲ್ಯಾಬಿನ ತಕ್ಕಡಿ ಮೇಲಿಟ್ಟೆವು. 6.4 ಗ್ರಾಂ! ಡಬ್ಬಿಯ ಮೇಲೆ 6 ನಂಬರ್, ತಕ್ಕಡಿಯ ಮೇಲೆ 3. 45 ಡಾಲರ್ ಕೊಟ್ಟು ಬೇರೆ ಲೈನ್ ಹಾಕಿದ ದಿನವೇ ಅದೇ ರಾಡ್, ಅದೇ ಕೈ, ಫ್ಲೈ ಹತ್ತು ಮೀಟರ್ ದೂರ ಹೋಗಿ ಕೂತಿತು.

ಏನು ತಗೋಬೇಕು?

ಮೊದಲು ಯಾವ ಮೀನು ಅಂತ ನೋಡಿ. ಫ್ಲೈ ಫಿಶಿಂಗ್ ಅಂದ ತಕ್ಷಣ ಎಲ್ಲರೂ ಹೇಳೋದು ಟ್ರೌಟ್ ಬಗ್ಗೆ. ಅದಕ್ಕೆ ತಣ್ಣನೆಯ ನೀರು ಬೇಕು. ಇಲ್ಲಿಯ ಬಿಸಿಲಿನ ಕೆರೆಗಳಲ್ಲಿ ಸಿಗೋದು ಬೆಚ್ಚನೆಯ ನೀರಿನ ಮೀನು: ಅಂಗೈಯಗಲದ ಬ್ಲೂಗಿಲ್, ಅದಕ್ಕಿಂತ ದೊಡ್ಡ ಲಾರ್ಜ್‌ಮೌತ್ ಬಾಸ್. ಬ್ಲೂಗಿಲ್ ಒಂದಕ್ಕೇ ಆದ್ರೆ 4 ನಂಬರ್ ಸಾಕು. ಬಾಸ್‌ಗೆ ಹಾಕೋ ಪಾಪರ್ ದಪ್ಪ ತಲೆಯದ್ದು, ಗಾಳಿಗೆ ಅಡ್ಡ ನಿಲ್ಲುತ್ತೆ. ಅದನ್ನು ಎಳೆಯೋಕೆ ಭಾರದ ಲೈನ್ ಬೇಕು. ಒಂದೇ ಸೆಟ್ಟಿನಲ್ಲಿ ಎರಡೂ ಆಗಬೇಕು ಅಂದ್ರೆ 6 ನಂಬರ್.

ರಾಡ್: 9 ಅಡಿ ಉದ್ದ, ನಾಲ್ಕು ತುಂಡಿನದ್ದು, ಬಸ್ಸಿನಲ್ಲಿ ಒಯ್ಯೋಕೆ ಸುಲಭ. ‘ಮೀಡಿಯಂ ಆ್ಯಕ್ಷನ್’ ಇರಲಿ, ಅದು ಬಾಗೋದು ಕೈಗೆ ಗೊತ್ತಾಗುತ್ತೆ. ಸೆಕೆಂಡ್ ಹ್ಯಾಂಡ್ ಆದ್ರೂ ಪರವಾಗಿಲ್ಲ. ತುಂಡುಗಳು ಸೇರುವ ಜಾಗದಲ್ಲಿ ಬಿರುಕು ಇದೆಯಾ ಅಂತ ಮಾತ್ರ ನೋಡಿ.

ರೀಲ್: ಇಲ್ಲಿ ದುಡ್ಡು ಉಳಿಸಿ. ಈ ಗಾತ್ರದ ಮೀನನ್ನು ಲೈನ್ ಹಿಡಿದು ಕೈಯಲ್ಲೇ ಎಳೀತೀವಿ. ರೀಲ್ ಅಂದ್ರೆ ಲೈನ್ ಸುತ್ತಿಡೋ ಉಂಡೆ, ಅಷ್ಟೆ. ದುಬಾರಿ ಡ್ರ್ಯಾಗ್ ಬೇಕಿಲ್ಲ.

ಲೈನ್: ಇಲ್ಲಿ ಖರ್ಚು ಮಾಡಿ. ಡಬ್ಬಿಯ ಮೇಲೆ ‘ಡಬ್ಲ್ಯುಎಫ್-6-ಎಫ್’ ಅಂತಿರಬೇಕು: ಮುಂಭಾಗ ಭಾರ, 6 ನಂಬರ್, ತೇಲುವಂಥದ್ದು. ತಣ್ಣೀರಿಗೆ ಅಂತ ಮಾಡಿದ ಲೈನ್ ಇಲ್ಲಿಯ ಬಿಸಿಲಿಗೆ ಮೆತ್ತಗಾಗಿ ರಾಡಿನ ಉಂಗುರಗಳಿಗೆ ಅಂಟುತ್ತೆ. ಬಾಸ್‌ಗೆ ಅಥವಾ ಬೆಚ್ಚನೆಯ ನೀರಿಗೆ ಅಂತ ಬರೆದಿದ್ದನ್ನೇ ಕೇಳಿ.

ಲೀಡರ್: ಲೈನಿನ ತುದಿಗೂ ಫ್ಲೈಗೂ ನಡುವಿನ ತೆಳು ನೈಲಾನ್ ದಾರ. ಏಳೂವರೆ ಅಡಿಯದ್ದು ಸಾಕು. ಅದರ ಮೇಲೆ 2ಎಕ್ಸ್, 3ಎಕ್ಸ್ ಅಂತಿರುತ್ತೆ. 11ರಿಂದ ಆ ಸಂಖ್ಯೆ ಕಳೆದರೆ ತುದಿಯ ದಪ್ಪ ಇಂಚಿನ ಸಾವಿರದ ಭಾಗಗಳಲ್ಲಿ ಸಿಗುತ್ತೆ. 3ಎಕ್ಸ್ ಅಂದ್ರೆ 0.008 ಇಂಚು, 0.2 ಮಿಲಿಮೀಟರ್. ಸಣ್ಣ ಪಾಪರ್‌ಗಳಿಗೆ ಅದು ಸರಿ.

ನಮ್ಮ ಲೆಕ್ಕ: ಕಿಟ್ 80, ಲೈನ್ 45, ಲೀಡರ್ ಮತ್ತು ಬಿಡಿ ದಾರ 10, ಆರು ಫ್ಲೈ 12. ಒಟ್ಟು 147 ಡಾಲರ್, ತಲೆಗೆ 49. ಕಿಟ್ ಬದಲು ರಾಡ್, ರೀಲ್ ಬಿಡಿಬಿಡಿಯಾಗಿ ಹಳೆಯದು ಹುಡುಕಿದ್ದರೆ ಇನ್ನೂ ಕಡಿಮೆಯಾಗ್ತಿತ್ತು.

ನೀರಿಗೆ ಇಳಿಯೋ ಮೊದಲು

ಹುಲ್ಲಿನ ಮೇಲೆ ಅಭ್ಯಾಸ ಮಾಡಿ, ಕೊಕ್ಕೆಯ ಬದಲು ಉಣ್ಣೆಯ ಚೂರು ಕಟ್ಟಿ. ಪಾರ್ಕಿಂಗ್ ಜಾಗದ ಕಾಂಕ್ರೀಟಿಗೆ ಲೈನಿನ ಮೇಲ್ಪದರ ಕಿತ್ತುಹೋಗುತ್ತೆ. ಕನ್ನಡಕ, ಟೋಪಿ ಕಡ್ಡಾಯ. ಕೊಕ್ಕೆ ಕಿವಿಯ ಪಕ್ಕದಲ್ಲೇ ಹಾದುಹೋಗೋದು. ಕೊಕ್ಕೆಯ ಮುಳ್ಳನ್ನು ಇಕ್ಕಳದಲ್ಲಿ ಒತ್ತಿಬಿಡಿ, ಮೀನನ್ನು ವಾಪಸ್ ಬಿಡೋದು ಸಲೀಸು. ಲೈಸೆನ್ಸ್ ಇಲ್ಲದೆ ಹೋಗಬೇಡಿ. ಟೆಕ್ಸಾಸ್‌ನ ಸ್ಟೇಟ್ ಪಾರ್ಕ್‌ಗಳ ಒಳಗೆ ದಡದಿಂದ ಹಿಡಿಯೋಕೆ ಮಾತ್ರ ಅದು ಬೇಕಿಲ್ಲ, ನಾವು ಶುರು ಮಾಡಿದ್ದೂ ಅಲ್ಲೇ.

ಇದನ್ನು ಊರಿಗೆ ತಂದು ಕಾವೇರಿಯಲ್ಲಿ ಬೀಸೋಣ ಅಂತ ನಮಗೂ ಅನ್ನಿಸಿತ್ತು. ಆದರೆ ಅಲ್ಲಿಯ ಗೂನುಬೆನ್ನಿನ ಮಹಶೀರ್ ತೀವ್ರ ಅಳಿವಿನಂಚಿನಲ್ಲಿದೆ, ಅಭಯಾರಣ್ಯದೊಳಗೆ ಗಾಳ ಹಾಕುವಂತಿಲ್ಲ. ಅದನ್ನು ಅದರ ಪಾಡಿಗೆ ಬಿಟ್ಟುಬಿಡೋಣ.

ಮೊದಲ ಬ್ಲೂಗಿಲ್ ಸಿಕ್ಕಾಗ ಮೂವರೂ ಕೂಗಿದ ಕೂಗಿಗೆ ಕೆರೆಯ ಬಾತುಗಳೆಲ್ಲ ಹಾರಿಹೋದವು. ಫೋಟೋ ತೆಗೆಯೋದೂ ಮರೆತು ನೀರಿಗೆ ಬಿಟ್ಟೆವು. ಮುಂದಿನ ಆಗಸ್ಟ್‌ನಲ್ಲಿ ನಿಮ್ಮಲ್ಲಿ ಯಾರಾದ್ರೂ ಈ ಕಡೆ ಬರೋದಾದ್ರೆ ಹೊಸ ಸೆಟ್ ತಗೋಬೇಡಿ. ಚಟ್ನಿಪುಡಿ ತನ್ನಿ, ರಾಡ್ ನಾವು ಕೊಡ್ತೀವಿ.