ನುಸಿಗೆ ಎಷ್ಟು ಹೆಸರು?

ಮೆಣಸಿನ ಗಿಡ ಮುರುಟಿದರೆ ನಮ್ಮ ಬಳಗಾನೂರಿನಲ್ಲಿ ಎಲ್ಲರೂ ಹೇಳೋದು ಒಂದೇ ಮಾತು, "ನುಸಿ ಬಿದ್ದೈತಿ". ಆದರೆ ಈ ಒಂದು ಹೆಸರಿನೊಳಗೆ ಬೇರೆ ಬೇರೆ ಜೀವಿಗಳಿವೆ.

ಎಲೆ ದೋಣಿಯಂತೆ ಮೇಲಕ್ಕೆ ಮುರುಟಿದರೆ ಥ್ರಿಪ್ಸ್ ನುಸಿ. ಅದಕ್ಕೆ ಆರು ಕಾಲು, ಅದು ಕೀಟ. ಎಲೆ ಕೆಳಕ್ಕೆ ಮಡಚಿದರೆ ಮೈಟ್ ನುಸಿ. ಬೆಳೆದ ಮೈಟಿಗೆ ಎಂಟು ಕಾಲು, ಅದು ಜೇಡದ ಬಳಗ. ಅಂಗಡಿಗೆ ಹೋಗಿ ಬರೀ "ನುಸಿ ಎಣ್ಣಿ ಕೊಡ್ರಿ" ಅಂದರೆ ಯಾವ ನುಸಿಗೆ? ಒಂದನ್ನು ಕೊಲ್ಲುವ ಎಣ್ಣಿ ಇನ್ನೊಂದಕ್ಕೆ ತಾಕದೆ ಇರಬಹುದು. ರೊಕ್ಕ ಹೋಯ್ತು, ನುಸಿ ಉಳೀತು.

ಥ್ರಿಪ್ಸ್ ಎಂಬ ಹೆಸರನ್ನು 1758ರಲ್ಲಿ ಲಿನೇಯಸ್ ಇಟ್ಟರು. ಒಂದಿದ್ದರೂ ಥ್ರಿಪ್ಸ್, ಸಾವಿರ ಇದ್ದರೂ ಥ್ರಿಪ್ಸ್! ಇದರಲ್ಲಿ ಸಾವಿರಾರು ಜಾತಿಗಳಿವೆ. ಬತ್ತದ ಸಸಿಯ ತುದಿ ಸುರುಳಿ ಮಾಡುವುದೇ ಬೇರೆ ಜಾತಿ. ವಿಜ್ಞಾನಿಗಳು ಪ್ರತಿ ಜಾತಿಗೂ ಎರಡು ಹೆಸರು ಕೊಡುತ್ತಾರೆ. ಮೊದಲನೆಯದು ಮನೆತನದ ಹೆಸರಿದ್ದಂತೆ, ಎರಡನೆಯದು ಸ್ವಂತದ್ದು.

ನಮ್ಮ ಹಳೆಯ ಮೆಣಸಿನ ನುಸಿಯ ಹೆಸರು ಸ್ಕಿರ್ಟೋಥ್ರಿಪ್ಸ್ ಡಾರ್ಸಾಲಿಸ್. ಕೊಯಮತ್ತೂರಿನಲ್ಲಿ ಸಿಕ್ಕ ನುಸಿಗಳನ್ನು ನೋಡಿ 1919ರಲ್ಲಿ ಅಮೆರಿಕದ ಹುಡ್ ಎಂಬುವವರು ಇಟ್ಟದ್ದು. ಡಾರ್ಸಾಲಿಸ್ ಅಂದರೆ ಬೆನ್ನಿಗೆ ಸಂಬಂಧಿಸಿದ್ದು. ಇದಕ್ಕೇ 1942ರಲ್ಲಿ ರಾಮಕೃಷ್ಣ ಅಯ್ಯರ್ ಅವರು ಪದ್ಮೆ ಎಂದು ಇನ್ನೊಂದು ಹೆಸರಿಟ್ಟರು. ಎರಡೂ ಒಂದೇ ಹುಳ ಎಂದು ತಿಳಿದ ಮೇಲೆ ಮೊದಲಿನ ಹೆಸರೇ ಉಳಿಯಿತು. ನಿಯಮ ಹಾಗೈತಿ. ನನಗಂತೂ ಪದ್ಮೆ ಅನ್ನೋದೇ ಚಂದ ಅನಿಸಿತು.

2021ರಲ್ಲಿ ರಾಯಚೂರು, ಬಳ್ಳಾರಿ ಕಡೆ ಹೊಸ ನುಸಿ ಬಂದು ಮೆಣಸಿನಕಾಯಿ ಬೆಳೆ ಕೆಡಿಸಿತು. ಇದು ಹೂವಿನೊಳಗೇ ಗುಂಪಾಗಿ ಕೂಡುತ್ತದೆ, ಹೂ ಉದುರಿ ಕಾಯಿ ಕಟ್ಟೋದಿಲ್ಲ. ಇದರ ಹೆಸರು ಥ್ರಿಪ್ಸ್ ಪಾರ್ವಿಸ್ಪೈನಸ್, ಅಂದರೆ ಸಣ್ಣ ಮುಳ್ಳಿನದು. ಭಾರತದಲ್ಲಿ ಇದು ಮೊದಲು ಗೊತ್ತಾದದ್ದು ನಮ್ಮ ಬೆಂಗಳೂರಿನ ಪಪ್ಪಾಯಿ ಗಿಡದಲ್ಲಿ, 2015ರಲ್ಲಿ ವರದಿಯಾಯಿತು. ಆದರೆ ಹೆಸರು ಹಳೆಯದು. ಥೈಲ್ಯಾಂಡಿನ ಹುಳ ನೋಡಿ 1922ರಲ್ಲೇ ಕಾರ್ನಿ ಎಂಬುವವರು ಇಟ್ಟಿದ್ದರು. ಅವರು ಸೇರಿಸಿದ್ದು ಬೇರೆ ಮನೆತನಕ್ಕೆ, ಆಮೇಲೆ ಬದಲಾಯಿತು. ಹಾಗಾಗಿ ಪುಸ್ತಕದಲ್ಲಿ ಕಾರ್ನಿ ಎಂಬುದನ್ನು ಕಂಸದೊಳಗೆ ಬರೆಯುತ್ತಾರೆ. ಹುಡ್ ಹೆಸರಿಗೆ ಕಂಸ ಇಲ್ಲ, ಯಾಕಂದರೆ ಅವರ ಹುಳ ಮನೆತನ ಬಿಟ್ಟಿಲ್ಲ.

ಬಿಳಿ ಹಾಳೆಯ ಮೇಲೆ ಮೆಣಸಿನ ಹೂ ಕೊಡವಿ ನೋಡಿರಿ. ಹಳೆಯದು ತಿಳಿ ಹಳದಿ, ಹೊಸದು ಕಪ್ಪು. ಆದರೆ ಹೊಸದರ ಹೆಣ್ಣು ಮಾತ್ರ ಕಪ್ಪು, ಗಂಡು ಹಳದಿಯೇ! ಇಷ್ಟಾದರೂ ಉದ್ದ ಸುಮಾರು 1 ಮಿಲಿಮೀಟರು. ಬಣ್ಣ ನೋಡಿ ಸಂಶಯ ಬಂದರೆ ಸೂಕ್ಷ್ಮದರ್ಶಕದಲ್ಲಿ ರೆಕ್ಕೆ, ಮುಳ್ಳುಗೂದಲು ನೋಡಿಯೇ ಹೆಸರು ಹೇಳಬೇಕು. ಅಂಥವರು ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಇದ್ದಾರೆ.